ಎಂಟನೆಯ ತರಗತಿಯ ಬಾಗಿಲಲ್ಲಿ ನಮ್ಮ ಮಕ್ಕಳು

ವಿದರ್ಭದ ಬಿಸಿಲಿನ ದೆಸೆಯಿಂದ ನಾಗಪುರದ ಶಾಲೆಗಳು ಉಳಿದ ಮಹಾರಾಷ್ಟ್ರಕ್ಕಿಂತ ತಡವಾಗಿ ತೆರೆಯುತ್ತವೆ. ಕುಂದಾಪುರದಿಂದಲೋ ಕಾರ್ಕಳದಿಂದಲೋ ಹಿಂದಿರುಗಿದ ನಮ್ಮ ಸಂಸಾರಗಳು ಗಂಟುಮೂಟೆ ಬಿಚ್ಚುವ ಮೊದಲೇ ಪುಸ್ತಕ, ಸಮವಸ್ತ್ರ, ಬಸ್ಸಿನ ಖರ್ಚುಗಳ ಚಿಂತೆಗೆ ಬೀಳುತ್ತವೆ. ಈ ಚಿಂತೆ ಹಳೆಯದು. ಈಗ ಇದರ ಜತೆಗೆ ಇನ್ನೊಂದು ಸೇರಿದೆ. ಮಗು ಎಷ್ಟನೆಯ ತರಗತಿ ಎಂದು ಕೇಳಿದರೆ ಸಾಲದು. ಆ ತರಗತಿಗೆ ತಕ್ಕ ವಿದ್ಯೆ ಅದಕ್ಕೆ ಬಂದಿದೆಯೇ ಎಂದು ಕೇಳುವ ಕಾಲ ಬಂದಿದೆ.

ಸಂಗತಿ ಇಷ್ಟು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು, ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಕೂಡದೆಂದು ಹೇಳಿತ್ತು. 2019ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಮಹಾರಾಷ್ಟ್ರ ಸರಕಾರ 2023ರಲ್ಲಿ ನಿಯಮ ಬದಲಿಸಿ, 2023-24ರ ವರ್ಷದಿಂದ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ವಾರ್ಷಿಕ ಪರೀಕ್ಷೆ ತಂದಿತು. ತಪ್ಪಿದವರಿಗೆ ಮರುಪರೀಕ್ಷೆ, ಅದರಲ್ಲಿಯೂ ತಪ್ಪಿದರೆ ಅದೇ ತರಗತಿ.

ಇದೇ ಸಮಯದಲ್ಲಿ ಪಾಠಕ್ರಮವೂ ಬದಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳನ್ನು ಒಂದು ಪ್ರತ್ಯೇಕ ಹಂತವೆಂದು ಎಣಿಸಿತು. ಬಾಯಿಪಾಠದ ಬದಲು, ಮಗು ಏನನ್ನು ಮಾಡಿ ತೋರಿಸಬಲ್ಲದು ಎಂಬುದೇ ಅಳತೆಯಾಗಬೇಕೆಂದು ಅದರ ಆಶಯ. ಮಹಾರಾಷ್ಟ್ರ 2025ರಲ್ಲಿ ಒಂದನೆಯ ತರಗತಿಯಿಂದ ಈ ಬದಲಾವಣೆಗೆ ಕೈಹಾಕಿತು. ಆದರೆ ಮೂರನೆಯ ಭಾಷೆಯಾಗಿ ಹಿಂದಿ ಎಂಬ ಮಾತಿಗೆ ಎದ್ದ ವಿರೋಧ ನೋಡಿ, ಅದೇ ಜೂನ್ 29ರಂದು ಎರಡು ಆದೇಶಗಳನ್ನು ಹಿಂತೆಗೆದು, ಡಾ. ನರೇಂದ್ರ ಜಾಧವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸುವುದಾಗಿ ಸಾರಿತು.

ಭಾಷೆಯ ಗದ್ದಲದಲ್ಲಿ ಕಲಿಕೆಯ ಮಾತು ಮರೆಗೆ ಸರಿಯಿತು. 2024ರ ಡಿಸೆಂಬರಿನಲ್ಲಿ ದೇಶದ 74 ಸಾವಿರಕ್ಕೂ ಮಿಕ್ಕ ಶಾಲೆಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ‘ಪರಖ್’ ಸಮೀಕ್ಷೆ ಪರೀಕ್ಷಿಸಿತು. ಆರನೆಯ ತರಗತಿಯವರಲ್ಲಿ ಹತ್ತರವರೆಗಿನ ಮಗ್ಗಿ ತಿಳಿದು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ ಬಲ್ಲವರು ನೂರಕ್ಕೆ 53 ಮಾತ್ರ. ಇದನ್ನು ಓದಿದಾಗ ನಮಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು.

ಏಕೆಂದರೆ ಈ ಸಾಲುಗಳನ್ನು ಬರೆಯುವವನು ಏಳನೆಯ ತರಗತಿಗೆ ಓದು ಮುಗಿಸಿ ಹೋಟೆಲು ಸೇರಿದವನು. ಗಣಿತದಲ್ಲಿ ಪಾಸಾದವನೆಂದು ಕಾಗದವೂ ಇತ್ತು. ಊರಿಗೆ ಕಳಿಸಿದ ಮುಂಗಡವನ್ನು ಧಣಿಗಳು ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ನಾನು ಸಹಿ ಹಾಕುತ್ತಿದ್ದೆ. ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದ್ದ ಹಿರಿಯ ಸಪ್ಲೈಯರ್ ಅಣ್ಣನೊಬ್ಬರು ಒಂದು ದಿನ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಮುಂಗಡ ತೀರಿ ನಾಲ್ಕು ತಿಂಗಳಾಗಿತ್ತು. ನಾನು ಪಾಸಾಗಿದ್ದೆ, ಆದರೆ ನನಗೆ ಲೆಕ್ಕ ಬರುತ್ತಿರಲಿಲ್ಲ.

ಆದುದರಿಂದ ಹೊಸ ಅಳತೆಯನ್ನು ನಾವು ವಿರೋಧಿಸುವುದಿಲ್ಲ. ಹೋಟೆಲಿನಲ್ಲಿ ಈ ನಿಯಮ ಮೊದಲಿನಿಂದಲೂ ಉಂಟು. ಎರಡು ವರ್ಷ ತುಂಬಿತೆಂದು ಯಾರನ್ನೂ ದೋಸೆಕಲ್ಲಿನ ಮುಂದೆ ನಿಲ್ಲಿಸುವುದಿಲ್ಲ. ಹಿಟ್ಟು ಹರಡಲು ಬರಬೇಕು. ಆದರೆ ಒಂದು ದಿನವೂ ಪಕ್ಕದಲ್ಲಿ ನಿಂತು ಕಲಿಸದೆ, ದೋಸೆ ಸೀದಿತೆಂದು ಹುಡುಗನನ್ನು ಮತ್ತೆ ಲೋಟ ತೊಳೆಯಲು ಅಟ್ಟುವ ಭಟ್ಟರನ್ನು ಯಾರು ಮೆಚ್ಚುತ್ತಾರೆ? ಕಲಿಸುವ ಏರ್ಪಾಡಿಲ್ಲದೆ ಪರೀಕ್ಷೆ ಮಾತ್ರ ಬಿಗಿಯಾದರೆ ಆಗುವುದು ಇದೇ. ಸಿರಿವಂತರ ಮಗು ಟ್ಯೂಷನ್ನಿಗೆ ಹೋಗುತ್ತದೆ. ನಮ್ಮ ಮಗು ಚಿಕ್ಕಪ್ಪನ ಹೋಟೆಲಿಗೆ ಹೋಗುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯೂ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳಲ್ಲಿ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ನಾಗಪುರದ ಕಾರ್ಮಿಕನಿಗೆ ಅವು ದೂರದ ಮಾತು. ಲೆಕ್ಕ ಬರದೆ ತಪ್ಪಿದ ಮಗುವೇ, ಪ್ರಶ್ನೆಯ ಭಾಷೆ ತಿಳಿಯದೆ ತಪ್ಪಿದ ಮಗುವೇ ಎಂದು ವಿಚಾರಿಸುವುದು ಉಪಾಧ್ಯಾಯರ ಕರ್ತವ್ಯ. ವಿಚಾರಿಸಿರೆಂದು ಕೇಳುವುದು ನಮ್ಮದು.

ಹೊಸ ಕ್ರಮದಲ್ಲಿ ಆರನೆಯ ತರಗತಿಯಿಂದ ಕೈಕೆಲಸದ ಶಿಕ್ಷಣವೂ ಇದೆ, ಹತ್ತು ದಿನ ಚೀಲವಿಲ್ಲದ ಶಾಲೆಯೂ ಇದೆ. ಇದು ಹೊಸತೇನಲ್ಲ. ನಮ್ಮ ನೆರೆಯ ವರ್ಧಾದಲ್ಲಿಯೇ 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ವಿದ್ಯೆ ಎಂಬ ಯೋಜನೆ ಮುಂದಿಟ್ಟರು. ದುಡಿಮೆಗೆ ಗೌರವ ಕೊಡುವ ಶಿಕ್ಷಣ ಬರಲಿ, ಸಂತೋಷ. ಆದರೆ 1953ರಲ್ಲಿ ರಾಜಾಜಿಯವರು ಮದರಾಸು ರಾಜ್ಯದಲ್ಲಿ, ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಪದ್ಧತಿ ತಂದಾಗ, ಅಪ್ಪನ ಕೆಲಸವೇ ಮಗನಿಗೆ ಗತಿಯಾಗುತ್ತದೆಂದು ಜನ ಎದ್ದು ನಿಂತರು. ಮರುವರ್ಷ ಕಾಮರಾಜರು ಅದನ್ನು ಕೈಬಿಟ್ಟರು. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ರಾಜ್ಯದಲ್ಲಿಯೇ ಇತ್ತು. ಆ ಪಾಠ ಮರೆಯತಕ್ಕದ್ದಲ್ಲ. ಶ್ರೀಮಂತರ ಮಗುವಿಗೆ ಯಂತ್ರ, ಮಾಣಿಯ ಮಗುವಿಗೆ ಕಪ್ಪುಬಸಿ ಎಂದಾದರೆ ಅದು ಶಿಕ್ಷಣವಲ್ಲ.

ಬಂಧುಗಳೇ, ಬರೇ ದೂರಿ ಫಲವಿಲ್ಲ. ಕಾನೂನಿನಲ್ಲಿ ನಮಗೆ ಹಿಡಿಕೆಗಳಿವೆ. ತಪ್ಪಿದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಫಲಿತಾಂಶದ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಸರಕಾರಿ, ನಗರಪಾಲಿಕೆ, ಅನುದಾನಿತ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳಿರಬೇಕು, ಅರ್ಧ ಪಾಲು ಹೆಂಗಸರು. ಆ ಕುರ್ಚಿಗಳಲ್ಲಿ ನಮ್ಮವರು ಎಷ್ಟು ಮಂದಿ ಕುಳಿತಿದ್ದಾರೆ?

ಸಭೆಯ ದಿನ ಎರಡು ಗಂಟೆ ರಜೆ ಕೊಡಿರೆಂದು ಮಾಲಿಕರನ್ನು ಸಂಘದ ಮೂಲಕ ಕೇಳೋಣ. ಭಾನುವಾರ ಮಧ್ಯಾಹ್ನ, ಊಟದ ಗಿರಾಕಿ ಇಳಿದ ಹೊತ್ತಿನಲ್ಲಿ, ಆರರಿಂದ ಎಂಟರ ಮಕ್ಕಳಿಗೆ ಮಗ್ಗಿ ಮತ್ತು ಓದಿನ ವರ್ಗ ನಡೆಸೋಣ. ಕಲಿತ ಸದಸ್ಯರು ಹೆಸರು ಕೊಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆಯಲ್ಲಿ ತಪ್ಪಿದನೆಂದು ಅಕ್ಕನ ಮಗನನ್ನು ಊರಿನಿಂದ ಕೆಲಸಕ್ಕೆ ಕರೆಸಿಕೊಳ್ಳುವುದನ್ನು ನಾವೇ ನಿಲ್ಲಿಸೋಣ. ಹದಿನಾಲ್ಕು ತುಂಬದವರನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ಕಾನೂನು ತಡೆದಿದೆ. ಕಾನೂನಿಗಿಂತ ಮೊದಲು ನಮ್ಮ ಮನಸ್ಸು ತಡೆಯಬೇಕು.

ಇಂದು ಸಂಜೆ ಮನೆಗೆ ಹೋದಾಗ ಮಗುವಿಗೆ ಎಷ್ಟು ಅಂಕ ಬಂತೆಂದು ಕೇಳಬೇಡಿ. ನಿಮ್ಮ ಸಂಬಳದ ಚೀಟಿಯನ್ನು ಅದರ ಕೈಗೆ ಕೊಟ್ಟು, ಲೆಕ್ಕ ಸರಿಯಿದೆಯೇ ನೋಡೆಂದು ಹೇಳಿರಿ. ಅದೇ ನಮ್ಮ ಪರೀಕ್ಷೆ.