ತಾಯಿನಾಯಿಯನ್ನು ತೋರಿಸಿ ಎಂದು ಕೇಳಿ

ನಮ್ಮ ಮನೆಗೆ ಬಂದ ಮೇಲೆ ಆ ಮರಿ ಬದುಕಿದ್ದು ಒಂಬತ್ತೇ ದಿನ. ಬೆಲ್ಲದಚ್ಚಿನ ಬಣ್ಣ, ಗುಂಗುರು ಕೂದಲು. ಮಗಳು ‘ಬೆಲ್ಲ’ ಎಂದೇ ಹೆಸರಿಟ್ಟಳು. ಕಾಕರ್ ಸ್ಪ್ಯಾನಿಯಲ್‌ಗೂ ಪೂಡಲ್‌ಗೂ ಹುಟ್ಟಿದ್ದು, ಕಾಕಪೂ ಎನ್ನುತ್ತಾರೆ, ಎಂಟು ವಾರ ತುಂಬಿದೆ, ಲಸಿಕೆಯೂ ಆಗಿದೆ ಎಂದು ಮಾರಿದವನು ಹೇಳಿದ. ನೀವು ಬರುವುದೇ ಬೇಡ ಮೇಡಂ, ನಾನೇ ತಂದುಕೊಡುತ್ತೇನೆ ಎಂದ. ಅದನ್ನು ಉಪಕಾರ ಎಂದುಕೊಂಡೆವು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ರಟ್ಟಿನ ಪೆಟ್ಟಿಗೆ ಕೈಗಿಟ್ಟು, ಹಣ ಬಂದದ್ದನ್ನು ಫೋನಿನಲ್ಲಿ ನೋಡಿಕೊಂಡು ಹೊರಟುಹೋದ.

ನಾಲ್ಕನೆಯ ದಿನ ಬೆಲ್ಲ ಊಟ ಬಿಟ್ಟಿತು. ಐದನೆಯ ದಿನ ವಾಂತಿ, ರಕ್ತಭೇದಿ. ಪಶುವೈದ್ಯರು ಅದರ ಬಾಯಿ ಬಿಡಿಸಿ ನೋಡಿ, “ಹಿಂದಿನ ಹಾಲುಹಲ್ಲು ಇನ್ನೂ ಪೂರ್ತಿ ಮೂಡಿಲ್ಲಮ್ಮ. ಇದಕ್ಕೆಲ್ಲಿಯ ಎಂಟು ವಾರ? ಐದು ಆಗಿದ್ದರೆ ಹೆಚ್ಚು” ಎಂದರು. ಪರೀಕ್ಷೆಯಲ್ಲಿ ಪಾರ್ವೊ ಎಂದು ಬಂತು. ಆ ವೈರಾಣು ಮೈಸೇರಿದ ಮೇಲೆ ರೋಗ ಹೊರಬೀಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಲೆಕ್ಕ ಹಾಕಿದರೆ, ಮರಿ ಅದನ್ನು ಹುಟ್ಟಿದ ಜಾಗದಿಂದಲೋ ಬಂದ ದಾರಿಯಿಂದಲೋ ಹೊತ್ತು ತಂದಿರಬೇಕು. ಡ್ರಿಪ್ ಹಾಕಿಸಿ, ರಾತ್ರಿಯಿಡೀ ಪಕ್ಕದಲ್ಲಿ ಕೂತರೂ ಉಳಿಯಲಿಲ್ಲ. ಮಾರಿದವನ ಫೋನು ಎರಡು ದಿನ ರಿಂಗಾಯಿತು, ಆಮೇಲೆ ಅದೂ ನಿಂತುಹೋಯಿತು.

ನನ್ನ ಅಜ್ಜ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಜೊತೆ ಎತ್ತು ಕೊಳ್ಳಲು ಎರಡು ದಿನ ತೆಗೆದುಕೊಳ್ಳುತ್ತಿದ್ದರು. ಹಲ್ಲು ನೋಡಬೇಕು, ಸುಳಿ ನೋಡಬೇಕು, ನಡೆಸಿ ನೋಡಬೇಕು, ಯಾರ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಎಂದು ಪಕ್ಕದೂರಿನವರನ್ನು ಕೇಳಬೇಕು. ಅಂಥವರ ಮನೆಯಲ್ಲಿ ಬೆಳೆದ ನಾನು, ಹನ್ನೆರಡು ಹದಿನಾಲ್ಕು ವರ್ಷ ಜೊತೆಗಿರಬೇಕಾದ ಜೀವವನ್ನು ಒಂದು ಫೋಟೊ ನೋಡಿ ತಂದೆ. ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ತಾಯಿನಾಯಿಯನ್ನು ಕಣ್ಣಾರೆ ನೋಡದೆ ದಯವಿಟ್ಟು ಮರಿ ತರಬೇಡಿ.

ತಾಯಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಅದರ ಪಕ್ಕೆಲುಬು ಎಣಿಸುವಂತಿದೆಯೇ, ಮೊಲೆಗಳು ಜೋತುಬಿದ್ದು ಹುಣ್ಣಾಗಿವೆಯೇ, ಮನುಷ್ಯರನ್ನು ಕಂಡರೆ ಬಾಲ ಆಡಿಸುತ್ತದೆಯೋ ಮೂಲೆಗೆ ಮುದುರುತ್ತದೆಯೋ? ಮರಿಗಳು ಅದರ ಹಿಂದೆಯೇ ಓಡುತ್ತಿವೆಯೋ, ಅಥವಾ ಎಲ್ಲಿಂದಲೋ ತಂದ ಮರಿಗಳ ಪಕ್ಕದಲ್ಲಿ ಯಾವುದೋ ಒಂದು ನಾಯಿಯನ್ನು ಕಟ್ಟಿದ್ದಾರೋ? ಅಂಜುವ ತಾಯಿಯ ಮರಿಗಳಲ್ಲಿ ಅಂಜಿಕೆ ಇಳಿದು ಬರುವುದುಂಟು. ನೂಲಿನಂತೆ ಸೀರೆ ಎಂಬ ಮಾತು ನಾಯಿಗೂ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ ತಾಯಿಯನ್ನು ತೋರಿಸುವುದು ಕಾನೂನೇ ಆಗಿದೆ. ಮರಿ ಉತ್ಪಾದಿಸುವ ಜಾಗವೊಂದರಿಂದ ಜರ್ಜರಿತವಾಗಿ ಹೊರಬಂದ ಲೂಸಿ ಎಂಬ ನಾಯಿಯ ಹೆಸರಿನಲ್ಲಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಅಲ್ಲಿ ಮಧ್ಯವರ್ತಿಗಳು ಆರು ತಿಂಗಳೊಳಗಿನ ಮರಿ ಮಾರುವಂತಿಲ್ಲ. ಹುಟ್ಟಿದ ಜಾಗದಲ್ಲೇ ತಾಯಿಯೊಂದಿಗೆ ತೋರಿಸಿ ಕೊಡಬೇಕು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳನ್ನು ತಂದಿದೆ. ಬ್ರೀಡರ್ ಆದವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಹಾಕಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ ಹದಿನೆಂಟು ತಿಂಗಳಾಗುವ ಮೊದಲು, ಎಂಟು ವರ್ಷ ಕಳೆದ ಮೇಲೆ ಮರಿ ಹಾಕಿಸುವಂತಿಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ನಾವು ಕೇಳದಿದ್ದರೆ ಈ ನಿಯಮಗಳು ಹಾಳೆಯಲ್ಲೇ ಉಳಿಯುತ್ತವೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಲಸಿಕೆ ಪುಸ್ತಕದಲ್ಲಿ ಬರೀ ‘ಆಗಿದೆ’ ಎಂಬ ಬರಹ ಸಾಲದು. ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ತಾರೀಖು, ಪಶುವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಇರಬೇಕು. ಆ ವೈದ್ಯರಿಗೆ ಒಂದು ಫೋನ್ ಮಾಡಿದರೂ ತಪ್ಪಿಲ್ಲ.

ಪೂಡಲ್ ಮಿಶ್ರಣ ಕೊಳ್ಳುವವರಿಗೆ ಇನ್ನೊಂದು ಬಲೆಯೂ ಇದೆ. “ಕೆಸಿಐ ಪೇಪರ್ ಸಮೇತ ಕಾಕಪೂ” ಎಂದು ಹೇಳಿ ಹೆಚ್ಚು ಬೆಲೆ ಕೇಳುತ್ತಾರೆ. ಕೆನೆಲ್ ಕ್ಲಬ್ ಆಫ್ ಇಂಡಿಯಾ ಶುದ್ಧ ತಳಿಗಳನ್ನು ಮಾತ್ರ ನೋಂದಾಯಿಸುತ್ತದೆ. ಕಾಕಪೂ, ಲ್ಯಾಬ್ರಡೂಡಲ್, ಮಾಲ್ಟಿಪೂಗಳಿಗೆ ಆ ಪತ್ರ ಸಿಗುವುದೇ ಇಲ್ಲ. ತಂದೆಗೂ ತಾಯಿಗೂ ಬೇರೆಬೇರೆ ಪತ್ರಗಳಿರಬಹುದು, ಇದ್ದರೆ ಅವನ್ನು ಕೇಳಿ ನೋಡಿ. ಮರಿಗೇ ಇದೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಾವು ಪೂಡಲ್ ಮಿಶ್ರಣವನ್ನೇ ಹುಡುಕಿದ್ದಕ್ಕೆ ಕಾರಣ ಮಗಳ ಉಬ್ಬಸ. ಇದರಿಂದ ಅಲರ್ಜಿ ಆಗುವುದೇ ಇಲ್ಲ ಎಂದು ಮಾರಿದವನು ಆಣೆ ಇಟ್ಟಂತೆ ಹೇಳಿದ್ದ. ಆ ನಂಬಿಕೆ ಎಲ್ಲಿಂದ ಬಂತೆಂದು ಆಮೇಲೆ ಓದಿ ತಿಳಿದುಕೊಂಡೆ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿತೋರುವ ನಾಯಿಗಳನ್ನು ಸಿದ್ಧಪಡಿಸುವ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬುವರಿದ್ದರು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯ ಅಲರ್ಜಿ. ಪೂಡಲ್‌ಗಳನ್ನು ಪಳಗಿಸಲು ನೋಡಿ ಸಾಧ್ಯವಾಗದೆ, 1989ರಲ್ಲಿ ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್‌ಗೆ ಮರಿ ಮಾಡಿಸಿದರು. ಆ ಮೊದಲ ಸೂಲಿನಲ್ಲಿ ಹುಟ್ಟಿದ್ದು ಮೂರು ಮರಿ. ಮೂರರ ಕೂದಲು, ಜೊಲ್ಲು ಹವಾಯಿಗೆ ಹೋದವು. ಆ ಗಂಡನಿಗೆ ಒಗ್ಗಿದ್ದು ಒಂದೇ, ಸುಲ್ತಾನ್ ಎಂಬ ಮರಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಉಳಿದೆರಡು ಒಗ್ಗಲಿಲ್ಲ! ಈ ಭಾಗವನ್ನು ಮಾರುವವರು ಯಾರೂ ಹೇಳುವುದಿಲ್ಲ. ತಾನು ಶುರುಮಾಡಿದ್ದು ಹಣದಾಸೆಯ ದಂಧೆಯಾದುದನ್ನು ಕಂಡು ಕಾನ್ರನ್ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು.

ಅಲರ್ಜಿ ತರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಮೂತ್ರದಲ್ಲಿರುವ ಪ್ರೋಟೀನು. ಕೂದಲು ಉದುರದಿದ್ದರೂ ಜೊಲ್ಲು ಸುರಿಯುತ್ತದೆ, ಹೊಟ್ಟು ಏಳುತ್ತದೆ. 2012ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ‘ಅಲರ್ಜಿ ತರದ’ ತಳಿಗಳೆಂದು ಹೆಸರಾದ ನಾಯಿಗಳ ಕೂದಲನ್ನು ಪರೀಕ್ಷಿಸಿದಾಗ ಆ ಪ್ರೋಟೀನು ಬೇರೆ ನಾಯಿಗಳಿಗಿಂತ ಕಡಿಮೆಯೇನೂ ಇರಲಿಲ್ಲ. ಕೆಲವರಿಗೆ ಕೆಲವು ನಾಯಿ ಒಗ್ಗುತ್ತದೆ ಎನ್ನುವುದು ನಿಜ. ಆದ್ದರಿಂದ ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಬ್ರೀಡರ್ ಮನೆಗೆ ಎರಡು ಮೂರು ಸಲ ಹೋಗಿ, ಅಲ್ಲಿನ ನಾಯಿಗಳ ಜೊತೆ ಗಂಟೆಗಟ್ಟಲೆ ಕೂತು ನೋಡಿ. ಒಗ್ಗದೆ ಹೋದರೆ ಮರಿಯನ್ನು ಬೀದಿಗೆ ಬಿಡುವ ಸ್ಥಿತಿ ಬರುತ್ತದೆ. ಹಾಗೆ ಬಿಟ್ಟವರನ್ನು ನಾನು ಬಲ್ಲೆ.

ಮಿಶ್ರತಳಿಗೆ ರೋಗವಿಲ್ಲ ಎಂಬ ಮಾತನ್ನೂ ನಂಬಬೇಡಿ. ರೆಟಿನಾ ಸವೆದು ನಾಯಿ ಮೆಲ್ಲಗೆ ಕುರುಡಾಗುವ ಪಿಆರ್‌ಎ ರೋಗದ ಒಂದು ಬಗೆ ಪೂಡಲ್‌ನಲ್ಲೂ ಇದೆ, ಕಾಕರ್‌ನಲ್ಲೂ ಇದೆ, ಲ್ಯಾಬ್ರಡಾರ್‌ನಲ್ಲೂ ಇದೆ. ತಂದೆ ತಾಯಿ ಎರಡರಿಂದಲೂ ಆ ಜೀನು ಬಂದರೆ ಮರಿಗೆ ರೋಗ ಬರುತ್ತದೆ. ತಳಿ ಬೇರೆಯಾದ ಮಾತ್ರಕ್ಕೆ ತಪ್ಪುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮರಿ ಹಾಕಿಸುವ ಮೊದಲೇ ತಿಳಿಯುತ್ತದೆ. ಲ್ಯಾಬ್ರಡಾರ್ ಸೇರಿದ್ದರೆ ಸೊಂಟದ ಕೀಲಿನ ಎಕ್ಸ್‌ರೇ, ಚಿಕ್ಕ ಪೂಡಲ್ ಆದರೆ ಮಂಡಿಚಿಪ್ಪಿನ ತಪಾಸಣೆ. ಇವುಗಳ ಕಾಗದ ಕೇಳಿದಾಗ ಮುಖ ಗಂಟಿಕ್ಕುವವರ ಬಳಿ ಮರಿ ಬೇಡ.

ಒಳ್ಳೆಯ ಬ್ರೀಡರ್ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ದಿನವೂ ಕೂದಲು ಬಾಚುತ್ತೀರಾ, ಆರೆಂಟು ವಾರಕ್ಕೊಮ್ಮೆ ಕತ್ತರಿ ಹಾಕಿಸುವ ಖರ್ಚು ಗೊತ್ತೇ? ಬಾಚದಿದ್ದರೆ ಈ ಕೂದಲು ಗಂಟುಗಟ್ಟಿ ಚರ್ಮವನ್ನೇ ಎಳೆಯುತ್ತದೆ. ಕಾಯಬೇಕು, ಈಗ ಮರಿಯಿಲ್ಲ ಎಂದೂ ಹೇಳುತ್ತಾರೆ. ಸಾಕಲು ಆಗದಿದ್ದರೆ ನನಗೇ ಮರಳಿಸಿ ಎಂದು ಬರೆದುಕೊಡುತ್ತಾರೆ. ಅಂಥವರು ಸಿಗದಿದ್ದರೆ ಬ್ರೀಡರ್ ಮರಿಯೇ ಆಗಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ, ಸಾಕಿದವರು ಕೈಬಿಟ್ಟ ತಳಿನಾಯಿಗಳೂ ಮನೆಗಾಗಿ ಕಾದಿರುತ್ತವೆ.

ಬೆಲ್ಲ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದರ ತಾಯಿ. ಐದು ವಾರವೂ ತುಂಬದ ಮರಿಗಳನ್ನು ಕಳೆದುಕೊಂಡು, ಕೆಚ್ಚಲಲ್ಲಿ ಹಾಲು ಕಟ್ಟಿಕೊಂಡು ಯಾವ ಗೂಡಿನಲ್ಲಿ ಬಿದ್ದಿತ್ತೋ, ಮುಂದಿನ ಬೆದೆಗೆ ಮತ್ತೆ ಮರಿ ಹಾಕಿಸಿದರೋ. ನಾವು ಕೊಟ್ಟ ಹಣವೇ ಅದನ್ನು ಅಲ್ಲಿ ಇರಿಸಿದೆ.

ಈ ಭಾನುವಾರ ಮರಿಗೆಂದು ಮುಂಗಡ ಕಳಿಸಲು ಹೊರಟವರು ನಿಮ್ಮಲ್ಲಿ ಯಾರಾದರೂ ಇರಬಹುದು. ದಯವಿಟ್ಟು ಹಣ ಕಳಿಸುವ ಮೊದಲು ಮಾರುವವರಿಗೆ ಫೋನ್ ಮಾಡಿ, ತಾಯಿನಾಯಿಯನ್ನು ನೋಡಲು ಯಾವಾಗ ಬರಲಿ ಎಂದು ಕೇಳಿ. ಬರಬೇಡಿ ಎಂದರೆ, ಆ ಮರಿಯ ಫೋಟೊ ಎಷ್ಟೇ ಮುದ್ದಾಗಿದ್ದರೂ, ಹಣ ಕಳಿಸಬೇಡಿ.