ಮಕ್ಕಳ ಗೊಂಬೆಗೆ ಮನೆಯಲ್ಲೊಂದು ಜಾಗ

ಗಲ್ಫ್ ದುಡ್ಡಿನಲ್ಲಿ ಊರಲ್ಲಿ ಟೆರೇಸ್ ಮನೆಗಳು ಏಳತೊಡಗಿದ ಕಾಲದಲ್ಲಿ ಹಾಲ್‌ನಲ್ಲೊಂದು ಶೋಕೇಸ್ ಇರಲೇಬೇಕಿತ್ತು. ಗಾಜಿನ ಬಾಗಿಲು, ಒಳಗೆ ಟ್ಯೂಬ್‌ಲೈಟ್, ಮೂಲೆಯಲ್ಲಿ ಸಣ್ಣ ಬೀಗ. ಮೇಲಿನ ಸಾಲಿನಲ್ಲಿ ಯಾರೂ ಊಟ ಮಾಡದ ಡಿನ್ನರ್ ಸೆಟ್, ಅದರ ಕೆಳಗೆ ಖಾಲಿಯಾದ ಅತ್ತರಿನ ಬಾಟಲಿಗಳು, ಅದರ ಪಕ್ಕ ಚಾವಿ ಕೊಟ್ಟರೆ ಡೋಲು ಬಡಿಯುವ ಮಂಗ, ಬ್ಯಾಟರಿ ಕಾರು, ಕಣ್ಣು ಮುಚ್ಚಿ ತೆರೆಯುವ ಬೊಂಬೆ. ಬಾಪ ಮಕ್ಕಳಿಗೆಂದೇ ತಂದ ಆಟಿಕೆಗಳವು. ಪೆರ್ನಾಲ್‌ಗೆ ನೆಂಟರು ಬಂದಾಗ ಬೀಗ ತೆರೆಯುತ್ತಿತ್ತು. ಉಳಿದ ದಿನ ಕೈ ಚಾಚಿದರೆ ‘ಬೇಂಡ ಮೋನೆ’ ಎಂಬ ಮಾತು ಸಿದ್ಧವಾಗಿರುತ್ತಿತ್ತು.

ಈಗ ಆ ಶೋಕೇಸಿನ ಜಾಗಕ್ಕೆ ಟಿವಿ ಯೂನಿಟ್ ಬಂದಿದೆ. ಮಕ್ಕಳ ಆಟಿಕೆಗಳೂ ಬದಲಾಗಿವೆ. ಹಾಟ್ ವೀಲ್ಸ್ ಕಾರು, ಲೆಗೊ ಪುಟಾಣಿ ಮನುಷ್ಯರು, ಸ್ಪೈಡರ್‌ಮ್ಯಾನ್, ಜಪಾನಿ ಕಾರ್ಟೂನಿನ ಪಾತ್ರಗಳು, ಡೈನೋಸಾರ್‌ಗಳ ಹಿಂಡು. ಇವನ್ನು ಮಕ್ಕಳು ಬರೀ ಆಡಿ ಬಿಡುವುದಿಲ್ಲ, ಕೂಡಿಡುತ್ತಾರೆ. ಯಾವುದು ಇದೆ, ಯಾವುದು ಇಲ್ಲ ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಕೂಡಿಟ್ಟದ್ದನ್ನು ನಾಲ್ಕು ಜನ ನೋಡುವಂತೆ ಇಡಬೇಕೆಂಬ ಆಸೆ ಅಲ್ಲಿಂದ ಶುರುವಾಗುತ್ತದೆ. ಮನೆಯ ಜಗಳವೂ ಅಲ್ಲಿಂದಲೇ. ‘ಗೊಂಬೆ ಇದ್ದ ಮನೆಗೆ ಮಲಕ್‌ಗಳು ಬರುವುದಿಲ್ಲ’ ಎಂದು ಅಜ್ಜಿ, ‘ಅಷ್ಟು ದುಡ್ಡು ಕೊಟ್ಟದ್ದು ಮೂಲೆಯಲ್ಲಿಡಲಿಕ್ಕಾ’ ಎಂದು ಮಗ. ನಡುವೆ ಉಮ್ಮ. ಕೊನೆಗೆ ಎಲ್ಲವೂ ಒಂದು ಗೋಣಿಗೆ ಬಿದ್ದು ಅಟ್ಟ ಸೇರುತ್ತದೆ.

ನನ್ನ ಸಂಬಂಧಿಕರ ಮನೆಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನೆಗೆ ಪೈಂಟ್ ಹೊಡೆಸುವಾಗ ಹನ್ನೆರಡು ವರ್ಷದ ಹುಡುಗ ಐದು ವರ್ಷ ಕೂಡಿಟ್ಟ ಕಾರುಗಳು ಗುಜರಿಯವನ ಗಾಡಿ ಹತ್ತಿದವು. ಹುಡುಗ ಅಳಲಿಲ್ಲ, ಕೂಗಾಡಲೂ ಇಲ್ಲ. ಆದರೆ ಅವತ್ತಿನಿಂದ ತನ್ನ ಕಪಾಟಿಗೆ ಬೀಗ ಹಾಕುತ್ತಾನೆ, ಯಾವುದನ್ನೂ ಮನೆಯವರಿಗೆ ತೋರಿಸುವುದಿಲ್ಲ. ಕಾರುಗಳ ಬೆಲೆ ಎಷ್ಟೋ ಇರಲಿ, ಮಗ ತನಗೆ ಇಷ್ಟವಾದದ್ದನ್ನು ತಂದೆ ತಾಯಿಗೆ ತೋರಿಸುವುದನ್ನೇ ನಿಲ್ಲಿಸಿದನಲ್ಲ, ಆ ನಷ್ಟವನ್ನು ಯಾವ ಅಂಗಡಿಯಿಂದ ತಂದು ತುಂಬಿಸುವುದು?

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಮಕ್ಕಳ ಗೊಂಬೆಗಳನ್ನು ಹಾಲ್‌ನ ಎತ್ತರದ ಗಾಜಿನೊಳಗೆ ಮೆರೆಸುವುದೂ ಬೇಡ, ಅಟ್ಟಕ್ಕೆ ಎಸೆಯುವುದೂ ಬೇಡ. ಮಗುವಿನ ಕೋಣೆಯಲ್ಲಿ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ, ಅಂದವಾಗಿ, ಆಡಲಿಕ್ಕೆ ಸಿಗುವ ಹಾಗೆ ಇಡೋಣ. ನಮ್ಮ ದೀನಿಗೂ ಮಗುವಿನ ಮನಸ್ಸಿಗೂ ನೋಡುವ ಕಣ್ಣಿಗೂ ಇದೇ ಒಪ್ಪುವ ದಾರಿ ಎಂದು ನನಗನಿಸುತ್ತದೆ.

ದೀನಿನ ಮಾತು ಮೊದಲು. ಫತ್ವಾ ಕೊಡುವವನು ನಾನಲ್ಲ, ಅದಕ್ಕೆ ನಿಮ್ಮ ಮಹಲ್ಲಿನ ಉಸ್ತಾದರಿದ್ದಾರೆ. ಆದರೆ ಅಜ್ಜಿ ಹೇಳುವ ಹದೀಸಿನ ಜೊತೆಗೇ ಇನ್ನೆರಡು ಹದೀಸ್‌ಗಳನ್ನು ಇಟ್ಟು ನೋಡಬೇಕು. ಒಂದು ಬುಖಾರಿಯಲ್ಲಿದೆ. ಆಯಿಶಾ(ರ) ಬೀವಿಯವರು ಚಿತ್ರಗಳಿದ್ದ ಪರದೆಯೊಂದನ್ನು ಮನೆಯಲ್ಲಿ ತೂಗುಹಾಕಿದ್ದರು. ಪ್ರಯಾಣದಿಂದ ಬಂದ ಪ್ರವಾದಿ(ಸ)ಯವರಿಗೆ ಅದು ಹಿಡಿಸಲಿಲ್ಲ, ಅದನ್ನು ಇಳಿಸಲಾಯಿತು. ಅದೇ ಬಟ್ಟೆಯಿಂದ ದಿಂಬು ಹೊಲಿದಾಗ ಬೇಡ ಅನ್ನಲಿಲ್ಲ. ಇನ್ನೊಂದು ಅಬೂದಾವೂದ್‌ನಲ್ಲಿದೆ. ಆಯಿಶಾ(ರ)ರ ಗೊಂಬೆಗಳು ಮನೆಯ ಗೂಡೊಂದರಲ್ಲಿದ್ದವು, ಅದಕ್ಕೊಂದು ಪರದೆ. ಗಾಳಿಗೆ ಪರದೆಯ ಅಂಚು ಸರಿಯಿತು. ಇದೇನೆಂದು ಪ್ರವಾದಿ(ಸ) ಕೇಳಿದರು. ನನ್ನ ಹೆಣ್ಣುಮಕ್ಕಳು ಎಂದು ಅವರು ಹೇಳಿದರು. ಆ ಗೊಂಬೆಗಳ ನಡುವೆ ಬಟ್ಟೆಯ ಎರಡು ರೆಕ್ಕೆಯಿದ್ದ ಕುದುರೆಯೂ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಕೇಳಿದ್ದಕ್ಕೆ, ಸುಲೈಮಾನ್(ಅ) ನಬಿಯವರ ಕುದುರೆಗಳಿಗೆ ರೆಕ್ಕೆಯಿದ್ದದ್ದನ್ನು ನೀವು ಕೇಳಿಲ್ಲವೇ ಎಂದರು ಬೀವಿ. ಪ್ರವಾದಿ(ಸ)ಯವರು ದವಡೆ ಹಲ್ಲು ಕಾಣುವಷ್ಟು ನಕ್ಕರು.

ನಾವು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಇಮಾಂ ನವವಿಯವರು ‘ಮಿನ್‌ಹಾಜ್’ನಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ಜೀವಿಗಳ ಚಿತ್ರ ಗೋಡೆಯ ಮೇಲೆ, ಮಾಡಿನ ಮೇಲೆ, ಪರದೆಯ ಮೇಲೆ ಇದ್ದರೆ ಅದು ತಪ್ಪು. ನೆಲಹಾಸಿನಲ್ಲೋ ಒರಗುವ ದಿಂಬಿನಲ್ಲೋ ಇದ್ದರೆ ಅಡ್ಡಿಯಿಲ್ಲ. ಮರಗಿಡಗಳ ಚಿತ್ರಕ್ಕೂ ಅಡ್ಡಿಯಿಲ್ಲ. ಹೆಣ್ಣುಮಕ್ಕಳ ಆಟದ ಗೊಂಬೆಗೆ ವಿದ್ವಾಂಸರು ರಿಯಾಯಿತಿ ಕೊಟ್ಟಿದ್ದಾರೆ. ಇದರಿಂದ ನನಗೆ ಅರ್ಥವಾಗುವುದು ಇಷ್ಟು: ಎತ್ತರದಲ್ಲಿಟ್ಟು ಗೌರವ ಕೊಡುವುದೇ ಇಲ್ಲಿ ಮುಖ್ಯ ಪ್ರಶ್ನೆ. ಮಗುವಿನ ಕೈಯಲ್ಲಿ ಬಿದ್ದೇಳುವ ಗೊಂಬೆಗೆ ಯಾರೂ ಗೌರವ ಕೊಡುವುದಿಲ್ಲ. ಅದನ್ನೇ ಹಾಲ್‌ನ ನಡುವೆ, ಲೈಟು ಬಿಟ್ಟು, ಬಂದವರೆಲ್ಲ ತಲೆಯೆತ್ತಿ ನೋಡುವಂತೆ ಇಟ್ಟರೆ ಅದು ಆಟಿಕೆಯಾಗಿ ಉಳಿಯುವುದಿಲ್ಲ. ಗೊಂಬೆ ಆಟಿಕೆಯಾಗಿಯೇ ಇರಬೇಕೆಂದರೆ ಅದರ ಜಾಗವೂ ಆಟದ ಜಾಗವೇ ಆಗಿರಬೇಕು. ನಿಸ್ಕಾರ ಮಾಡುವ ಕೋಣೆಯಲ್ಲಿ, ಕಿಬ್ಲಾದ ಕಡೆಯ ಗೋಡೆಯಲ್ಲಿ, ಖುರ್‌ಆನ್ ಇಡುವ ಕಪಾಟಿನಲ್ಲಿ ಬೇಡ. ಇಷ್ಟು ನಿಯಮವನ್ನು ಮಗುವಿಗೆ ಕಾರಣ ಹೇಳಿ ಒಪ್ಪಿಸಿದರೆ ಅದು ಸಂತೋಷದಿಂದಲೇ ಪಾಲಿಸುತ್ತದೆ.

ಕೈಗೆಟಕುವ ಜಾಗ ಎಂದರೆ ಗಲೀಜು ಎಂದರ್ಥವಲ್ಲ. ಅಂದವಾಗಿ ಇಡಲು ದೊಡ್ಡ ಖರ್ಚೂ ಬೇಕಿಲ್ಲ. ಹಾಟ್ ವೀಲ್ಸ್ ಕಾರು ಸುಮಾರು 7 ಸೆಂಟಿಮೀಟರ್ ಉದ್ದ. ಲೆಗೊ ಮನುಷ್ಯ ಸುಮಾರು 4 ಸೆಂಟಿಮೀಟರ್ ಎತ್ತರ. ಅಂಗಡಿಯಲ್ಲಿ ಸಿಗುವ ಸೂಪರ್‌ಹೀರೋ ಗೊಂಬೆಗಳು ಹೆಚ್ಚಾಗಿ 6 ಇಂಚಿನವು. ಇವಕ್ಕೆ 4 ಇಂಚು ಅಗಲದ ಹಲಗೆ ಧಾರಾಳ ಸಾಕು. ಒಂದಡಿ ಅಗಲದ ಹಲಗೆ ಹಾಕಿದರೆ ಹಿಂದಿನ ಸಾಲಿನವು ಕಾಣುವುದೇ ಇಲ್ಲ, ಮುಂದಿನವು ತಾಗಿ ಬೀಳುತ್ತವೆ. ಕಾರಿಗೆ ಒಂದು ಗೇಣಿಗಿಂತ ಕಡಿಮೆ ಎತ್ತರದ ಸಾಲುಗಳು, ಗೊಂಬೆಗೆ ಒಂದು ಗೇಣಿನ ಸಾಲು. ಎರಡು ಸಾಲು ಇಡಲೇಬೇಕಾದರೆ ಹಿಂದಿನ ಸಾಲಿನ ಅಡಿಗೆ ಎರಡು ಇಂಚಿನ ಮರದ ತುಂಡೋ ಥರ್ಮಾಕೋಲೋ ಇಟ್ಟು ಮೆಟ್ಟಿಲು ಮಾಡಿ. ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನವರನ್ನು ಬೆಂಚಿನ ಮೇಲೆ ನಿಲ್ಲಿಸುವುದಿಲ್ಲವೇ, ಹಾಗೆ.

ಎಲ್ಲವನ್ನೂ ಒಮ್ಮೆಲೇ ಇಡಬೇಕಾಗಿಲ್ಲ. ನೂರು ಕಾರು ಇದ್ದರೆ ಇಪ್ಪತ್ತು ಹಲಗೆಯಲ್ಲಿರಲಿ, ಉಳಿದದ್ದು ಮುಚ್ಚಳದ ಡಬ್ಬಿಯಲ್ಲಿರಲಿ. ತಿಂಗಳಿಗೊಮ್ಮೆ ಮಗುವೇ ಬದಲಾಯಿಸಲಿ. ಯಾವುದನ್ನು ಯಾವುದರ ಪಕ್ಕ ಇಡಬೇಕೆಂದು ಮಗು ಯೋಚಿಸುವುದನ್ನು ದೂರದಿಂದ ನೋಡಿ. ಬಣ್ಣದ ಪ್ರಕಾರ, ಗಾತ್ರದ ಪ್ರಕಾರ, ಕೊಟ್ಟವರ ಪ್ರಕಾರ, ಮಗುವಿಗೆ ಅದರದ್ದೇ ಒಂದು ಲೆಕ್ಕ ಇರುತ್ತದೆ. ಅದು ನಮಗೆ ಅರ್ಥವಾಗದಿದ್ದರೂ ಸರಿಪಡಿಸಲು ಹೋಗಬೇಡಿ.

ಊರಿನ ಹವೆಯನ್ನೂ ನೋಡಬೇಕು. ಕೆಲಸದ ನಿಮಿತ್ತ ನಾನು ಕುಟುಂಬದೊಂದಿಗೆ ಇರುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಬೆಳುಂಕಿಯಲ್ಲಿ. ಮಹಾರಾಷ್ಟ್ರವಾದರೂ ಕನ್ನಡ ಕಿವಿಗೆ ಬೀಳುವ ಗಡಿ ಸೀಮೆ, ಮಳೆ ನೆರಳಿನ ಒಣ ಊರು. ಇಲ್ಲಿ ಗೊಂಬೆಗೆ ಶತ್ರು ಧೂಳು ಮತ್ತು ಬಿಸಿಲು. ಕಿಟಕಿಯ ಎದುರು ಇಟ್ಟರೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಣ್ಣ ಮಂಕಾಗುತ್ತದೆ. ನಮ್ಮ ಬಂಟ್ವಾಳ, ಉಳ್ಳಾಲ, ಕಾಪು ಕಡೆ ಶತ್ರುವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಮೆದು ಪ್ಲಾಸ್ಟಿಕ್ಕಿನ ಗೊಂಬೆಗಳು ಅಂಟಂಟಾಗುತ್ತವೆ, ಮರದವಕ್ಕೆ ಬೂಷ್ಟು ಹಿಡಿಯುತ್ತದೆ, ಕಾರಿನ ಅಡಿಯ ಕಬ್ಬಿಣದ ಕಂಬಿ ತುಕ್ಕು ಹಿಡಿಯುತ್ತದೆ. ಹಲಗೆಯನ್ನು ಹೊರಗೋಡೆಗೆ ಒತ್ತಿಸದೆ ಒಳಗೋಡೆಗೆ ಹಾಕಿಸಿ. ಔಷಧಿ ಡಬ್ಬಿ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಸಣ್ಣ ಮಕ್ಕಳ ಕೈಗೆ ಸಿಗದಂತೆ ಹಿಂದೆ ಇಡಿ. ಬಟ್ಟೆಗೆ ಹಾಕುವ ನುಸಿ ಗುಳಿಗೆಯನ್ನು ಮಾತ್ರ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಧೂಳಿಗೂ ತೇವಕ್ಕೂ ಸುಲಭದ ಉಪಾಯ ಒಂದು ಹತ್ತಿ ಬಟ್ಟೆಯ ಪರದೆ. ಹಳೆಯ ಮುರಕಲ್ಲಿನ ಮನೆಗಳಲ್ಲಿ ಚಿಮಿಣಿ ದೀಪ ಇಡುವ ಗೂಡುಗಳಿರುತ್ತಿದ್ದವು. ನಿಮ್ಮ ತರವಾಡು ಮನೆಯಲ್ಲಿ ಅಂಥದ್ದು ಉಳಿದಿದ್ದರೆ, ಗೊಂಬೆಗೆ ಅದಕ್ಕಿಂತ ಚೆಂದದ ಜಾಗ ಯಾವ ಫರ್ನಿಚರ್ ಅಂಗಡಿಯಲ್ಲೂ ಸಿಗದು. ಮೇಲೆ ಹೇಳಿದ ಹದೀಸಿನಲ್ಲೂ ಇದ್ದದ್ದು ಒಂದು ಗೂಡು, ಒಂದು ಪರದೆ.

ಏನನ್ನು ಕೂಡಿಡಬೇಕು ಎಂಬುದರಲ್ಲೂ ನನಗೊಂದು ಮಾತಿದೆ. ಪ್ರತಿ ಸಿನಿಮಾಕ್ಕೂ ಹೊಸ ಗೊಂಬೆ ಬಿಡುವ ಕಂಪೆನಿಗಳ ಹಿಂದೆ ಓಡಿದರೆ ಹಲಗೆ ತುಂಬುತ್ತದೆ, ಮನಸ್ಸು ತುಂಬುವುದಿಲ್ಲ. ಒಳಗೆ ಏನಿದೆ ಎಂದು ಕಾಣದ ಪೆಟ್ಟಿಗೆಯನ್ನು ಅದೃಷ್ಟ ನೋಡಿ ಕೊಳ್ಳುವ ಹೊಸ ಚಾಳಿಯಂತೂ ನನಗೆ ಜೂಜಿನ ಅಣ್ಣನ ಹಾಗೇ ಕಾಣುತ್ತದೆ. ಬೆಂಗಳೂರು–ಮೈಸೂರು ದಾರಿಯಲ್ಲಿ ಹೋಗುವಾಗ ಒಮ್ಮೆ ಚನ್ನಪಟ್ಟಣದಲ್ಲಿ ಗಾಡಿ ನಿಲ್ಲಿಸಿ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುವುದನ್ನು, ಅರಗಿನ ಬಣ್ಣ ಆ ಬಿಸಿಗೆ ಕರಗಿ ಮರಕ್ಕೆ ಹಿಡಿಯುವುದನ್ನು ಮಗುವಿಗೆ ತೋರಿಸಿ. ಈ ಕಸುಬಿಗೆ ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂದು ಹೇಳುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ಕೆಲಸದ ರೀತಿಯನ್ನು ಇಲ್ಲಿಗೆ ತಂದವರೆಂದು ಬವಾಸ್ ಮಿಯಾನ್ ಅವರ ಹೆಸರು ಹೇಳುತ್ತಾರೆ. ಇವತ್ತಿಗೂ ಅಲ್ಲಿನ ಲೇತುಗಳ ಮುಂದೆ ಮುಸ್ಲಿಂ ಕುಟುಂಬಗಳ ಗಂಡಸರೂ ಹೆಂಗಸರೂ ಕೂತಿರುತ್ತಾರೆ. ಭೌಗೋಳಿಕ ಗುರುತು ಪಡೆದ ಗೊಂಬೆಗಳವು. ಒಂದು ಪ್ಲಾಸ್ಟಿಕ್ ಹೀರೋನ ಪಕ್ಕ ಒಂದು ಚನ್ನಪಟ್ಟಣದ ರೈಲು ನಿಂತರೆ, ಆಟಿಕೆ ಎಂಬುದು ಫ್ಯಾಕ್ಟರಿಯಿಂದಷ್ಟೇ ಬರುವುದಲ್ಲ, ಯಾರದೋ ಕೈಯಿಂದಲೂ ಬರುತ್ತದೆಂದು ಮಗುವಿಗೆ ತಿಳಿಯುತ್ತದೆ.

ದೊಡ್ಡವರಾದ ಮೇಲೂ ಕೂಡಿಡುವ ಹವ್ಯಾಸ ಬಿಡದ ಹುಡುಗರು ನಮ್ಮಲ್ಲಿ ಈಗ ಕಡಿಮೆಯಿಲ್ಲ. ದುಬೈ, ಜುಬೈಲ್, ಬೆಂಗಳೂರಿನಲ್ಲಿ ದುಡಿಯುವವರು. ಅವರನ್ನು ಹುಚ್ಚರೆಂದು ನಗುವವನಲ್ಲ ನಾನು. ಆದರೆ ಮಕ್ಕಳ ಆಟಕ್ಕಿರುವ ರಿಯಾಯಿತಿ ಮೂವತ್ತರ ಗಂಡಸಿನ ಗಾಜಿನ ಕಪಾಟಿಗೂ ಇದೆ ಎಂದುಕೊಳ್ಳುವುದು ಕಷ್ಟ. ಅವರಿಗೆ ದಾರಿ ಬೇಕಾದಷ್ಟಿದೆ. ಕಾರು, ವಿಮಾನ, ಹಡಗುಗಳನ್ನು ಹಾಲ್‌ನಲ್ಲಿಟ್ಟರೂ ಯಾರೂ ತಕರಾರು ಮಾಡುವುದಿಲ್ಲ. ಬೇಪೂರಿನ ಉರುವಿನ ಮರದ ಮಾದರಿ ಕಡಲ ವ್ಯಾಪಾರದ ನಂಟಿರುವ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದು. ಕರಾವಳಿಯ ಪ್ರೈವೇಟ್ ಬಸ್ಸುಗಳನ್ನು ಬೋರ್ಡು, ಬಣ್ಣ, ಸ್ಟಿಕ್ಕರ್ ಸಹಿತ ಫೋಮ್‌ಶೀಟಿನಲ್ಲಿ ಮಾಡುವ ಹುಡುಗರಿದ್ದಾರೆ. ಅಂಥ ನಾಲ್ಕು ಬಸ್ಸು ಸಾಲಾಗಿ ನಿಂತರೆ ಎಷ್ಟು ಬೆಲೆಯ ವಿದೇಶಿ ಗೊಂಬೆಯೂ ಅದರ ಮುಂದೆ ಸಪ್ಪೆ.

ಕೊನೆಯದಾಗಿ ನೆಂಟರ ಮಕ್ಕಳ ವಿಷಯ. ಪೆರ್ನಾಲ್ ದಿನ ಹತ್ತು ಮಕ್ಕಳು ಕೋಣೆಗೆ ನುಗ್ಗಿದಾಗ ‘ಸಣ್ಣವನಲ್ವಾ, ಒಂದು ಕೊಟ್ಟುಬಿಡು’ ಎಂದು ದೊಡ್ಡವರು ಸಲೀಸಾಗಿ ಹೇಳಿಬಿಡುತ್ತಾರೆ. ದಾನ ಒಳ್ಳೆಯದೇ, ಆದರೆ ಕೊಡುವವನು ಮಗುವಾಗಿರಬೇಕು. ಹಲಗೆಯ ಅತಿ ಕೆಳಗಿನ ಸಾಲನ್ನು ಬಂದವರಿಗೆಂದೇ ಬಿಡಲು ಮಗುವಿಗೆ ಮೊದಲೇ ಹೇಳಿ. ಅಲ್ಲಿರುವುದರಿಂದ ಯಾರೂ ಆಡಬಹುದು, ಬೇಕಾದರೆ ಒಂದನ್ನು ಒಯ್ಯಲೂಬಹುದು. ಮೇಲಿನ ಸಾಲು ಮಗುವಿನದು, ಕೇಳಿಯೇ ಮುಟ್ಟಬೇಕು. ಹಂಚುವುದು ಮತ್ತು ಕೇಳಿ ಮುಟ್ಟುವುದು, ಎರಡು ಅದಬೂ ಒಂದೇ ಕಪಾಟಿನಲ್ಲಿ ಕಲಿತಂತಾಯಿತು.

ಈ ರಜೆಯಲ್ಲಿ ಒಬ್ಬ ಆಚಾರಿಯನ್ನು ಕರೆಸಿ ಮೂರು ಹಲಗೆ ಹೊಡೆಸಿ. ಎತ್ತರ ಎಷ್ಟಿರಬೇಕೆಂದು ಅಳೆಯಲು ಟೇಪಿಗಿಂತ ಮೊದಲು ಮಗುವನ್ನು ಗೋಡೆಯ ಪಕ್ಕ ನಿಲ್ಲಿಸಿ.