ವೆನಿಲಾ ಕಂಡ ಊರಿನವರು ಆಲ್ಟ್‌ಕಾಯಿನ್ ಕೊಳ್ಳುವ ಮುನ್ನ

ಹಾಸ್ಟೆಲ್‌ನಲ್ಲಿ ಈಗ ಎರಡು ಪ್ರಶ್ನೆ ದಿನಾ ಕೇಳಿಬರುತ್ತವೆ. ಒಂದು, "ಮಗಾ, ಯಾವ ಕಾಯಿನ್ ತಗೊಳ್ಳೋದು?" ಎರಡು, "ಈಗ ತಗೊಳ್ಳೋದಾ, ಇನ್ನೂ ಇಳಿಯುತ್ತಾ?" ಬಿಟ್‌ಕಾಯಿನ್ "ಆಗಲೇ ಏರಿ ಆಗಿದೆ", ಅದು ಯಾರಿಗೂ ಬೇಡ. ಎಲ್ಲರ ಕಣ್ಣೂ ಸಣ್ಣಪುಟ್ಟ ಆಲ್ಟ್‌ಕಾಯಿನ್‌ಗಳ ಮೇಲೆ. ಕೇಳುವವರಲ್ಲಿ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರು ಕಡಿಮೆ ಏನಿಲ್ಲ. ನಾನೂ ಆ ಕಡೆಯ ತೋಟದ ಮನೆಯಿಂದಲೇ ಬಂದಿರೋದು. ಹಾಗಾಗಿ ಇದನ್ನು ಮುಖ್ಯವಾಗಿ ನಮ್ಮೂರಿನವರಿಗೇ ಬರೆಯುತ್ತಿದ್ದೇನೆ.

ಈ ಆಸೆ ಯಾಕೆ ಹುಟ್ಟುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಶೃಂಗೇರಿ, ಕೊಪ್ಪದ ತೋಟಗಳಿಗೆ ಹಳದಿ ಎಲೆ ರೋಗ ಬಂದು ದಶಕಗಳೇ ಆದವು. ಅದಕ್ಕೆ ಮದ್ದಿಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಡಿಕೆಗೆ ಒಳ್ಳೆ ದರ ಇದ್ದರೂ ಮರದಲ್ಲಿ ಕೊನೆ ಇಲ್ಲದಿದ್ದರೆ ದರ ತಗೊಂಡು ಏನು ಮಾಡೋದು? ಮನೆಯಲ್ಲಿ ಫೀಸಿನ ಮಾತು ಬಂದಾಗ ಅಪ್ಪಯ್ಯ ಸುಮ್ಮನಾಗೋದನ್ನು ನೋಡಿದ ಹುಡುಗನಿಗೆ "ಹತ್ತು ಸಾವಿರ ಲಕ್ಷ ಆಗುತ್ತೆ" ಅನ್ನೋ ವಿಡಿಯೋ ಸುಳ್ಳು ಅನ್ನಿಸಲ್ಲ, ದಾರಿ ಅನ್ನಿಸುತ್ತೆ. ಅವನನ್ನು ದುರಾಸೆಯವನು ಅನ್ನೋದು ತಪ್ಪು.

ಆದರೆ ಅಡಿಕೆಗೆ ಪರ್ಯಾಯ ಹುಡುಕಿ ನಾವು ಓಡಿದ್ದು ಇದೇ ಮೊದಲಲ್ಲ. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ನ ವೆನಿಲಾ ಬೆಳೆಯನ್ನು ಹಾಳು ಮಾಡಿತು. ಜಗತ್ತಿಗೆ ವೆನಿಲಾ ಸಾಲದಾಯಿತು, ದರ ಏರುತ್ತಾ ಹೋಯಿತು. 2003ರ ಹೊತ್ತಿಗೆ ಮಲೆನಾಡಲ್ಲಿ ಹಸಿ ಕೋಡು ಕಿಲೋಗೆ ಸುಮಾರು ಮೂರು ಸಾವಿರ ರೂಪಾಯಿ ಮುಟ್ಟಿತ್ತು. ಅಡಿಕೆ ಮರದ ಬುಡದಲ್ಲೆಲ್ಲಾ ಬಳ್ಳಿ ಹಬ್ಬಿತು. ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡಿದರು, ರಾತ್ರಿ ಕಳ್ಳರ ಕಾವಲು ಕಾದರು. ವೆನಿಲಾ ಹೂ ಬಿಡೋಕೆ ಮೂರು ವರ್ಷ ಬೇಕು. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ದೊಡ್ಡ ಕಂಪನಿಗಳು ಕೃತಕ ವೆನಿಲಿನ್ ಕಡೆ ಹೊರಳಿದವು, ದರ ನೂರು ರೂಪಾಯಿ ಆಸುಪಾಸಿಗೆ ಬಂತು. ಮೊದಲೇ ಬಳ್ಳಿಯ ತುಂಡು ಮಾರಿದವರು ದುಡ್ಡು ಮಾಡಿಕೊಂಡಿದ್ದರು. ದರ ನೋಡಿ ನೆಟ್ಟವರಿಗೆ ಬಳ್ಳಿ ಉಳಿಯಿತು.

ಆಲ್ಟ್‌ಕಾಯಿನ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲೇ ಇದೆ: ಮಾಲು ಎಷ್ಟಿದೆ, ಇನ್ನೆಷ್ಟು ಬರುತ್ತೆ, ಯಾರ ಕೈಯಲ್ಲಿದೆ? ಬಿಟ್‌ಕಾಯಿನ್ 2.1 ಕೋಟಿಗಿಂತ ಹೆಚ್ಚು ಹುಟ್ಟೋದಿಲ್ಲ. ತಮಾಷೆಗೆ ಅಂತ 2013ರಲ್ಲಿ ಶುರುವಾದ ಡೋಜ್‌ಕಾಯಿನ್‌ಗೆ ಮಿತಿಯೇ ಇಲ್ಲ, ವರ್ಷಕ್ಕೆ ಸುಮಾರು 500 ಕೋಟಿ ಹೊಸ ಕಾಯಿನ್ ಬರುತ್ತವೆ. "ಒಂದು ರೂಪಾಯಿಗೂ ಕಡಿಮೆ, ಅಗ್ಗ ಕಣೋ" ಅನ್ನೋದು ಲೆಕ್ಕ ಬಾರದವರ ಮಾತು. ಬೆಲೆಯನ್ನು ಒಟ್ಟು ಕಾಯಿನ್‌ಗಳ ಸಂಖ್ಯೆಯಿಂದ ಗುಣಿಸಿ ನೋಡದೆ ಅಗ್ಗ, ತುಟ್ಟಿ ಅನ್ನೋಕೆ ಬರಲ್ಲ. ಹೊಸ ಕಾಯಿನ್‌ಗಳಲ್ಲಿ ಇನ್ನೊಂದು ವಿಷಯ: ತಯಾರಿಸಿದವರಿಗೆ, ಮೊದಲು ದುಡ್ಡು ಹಾಕಿದವರಿಗೆ ದೊಡ್ಡ ಪಾಲು ಎತ್ತಿಟ್ಟಿರುತ್ತಾರೆ. ಅದು ಬಿಡುಗಡೆಯಾಗುವ ತಾರೀಖುಗಳು ಮೊದಲೇ ಬರೆದಿಟ್ಟಿರುತ್ತವೆ. ನಮ್ಮೂರಲ್ಲಿ ಹಿರಿಯರು "ಚನ್ನಗಿರಿ ಕಡೆ, ಬಯಲುಸೀಮೆಲಿ ಎಷ್ಟು ಎಕರೆ ಹೊಸ ತೋಟ ಆಯ್ತು ಮಾರಾಯ?" ಅಂತ ವಿಚಾರಿಸೋದು ಇದೇ ಕಾರಣಕ್ಕೆ. ಇವತ್ತು ನೆಟ್ಟ ಸಸಿ ಐದಾರು ವರ್ಷ ಬಿಟ್ಟು ಮಾರುಕಟ್ಟೆಗೆ ಬರುತ್ತೆ ಅಂತ ಅವರಿಗೆ ಗೊತ್ತು. ಎಂಜಿನಿಯರಿಂಗ್ ಓದುವ ನಾವು ಅಷ್ಟೂ ವಿಚಾರಿಸದೆ ಟೆಲಿಗ್ರಾಂ ಗ್ರೂಪಿನ ರಾಕೆಟ್ ಚಿತ್ರ ನೋಡಿ ಕೊಳ್ಳುತ್ತೇವೆ. ಆ ಗ್ರೂಪು ನಡೆಸುವವನೂ ಬಳ್ಳಿ ಮಾರುವವನೇ.

ಇನ್ನು "ಯಾವಾಗ" ಅನ್ನೋದು. ಎಲ್ಲರ ಮಂತ್ರ ಒಂದೇ: ಇಳಿದಾಗ ತಗೋ. 2022ರ ಏಪ್ರಿಲ್‌ನಲ್ಲಿ ಲೂನಾ 115 ಡಾಲರ್ ದಾಟಿತ್ತು. ಮೇ ತಿಂಗಳಲ್ಲಿ ಬೀಳತೊಡಗಿದಾಗ ಅರ್ಧ ದರಕ್ಕೆ ಸಿಕ್ಕಿತು ಅಂತ ಕೊಂಡವರಿದ್ದರು. ಕೆಲವೇ ದಿನಗಳಲ್ಲಿ ಕಾಯಿನ್‌ಗಳ ಸಂಖ್ಯೆ ಸುಮಾರು 35 ಕೋಟಿಯಿಂದ 6.5 ಲಕ್ಷ ಕೋಟಿಗೆ ಉಬ್ಬಿತು, ಬೆಲೆ ಒಂದು ಸೆಂಟಿನ ಸಣ್ಣ ಚೂರಾಯಿತು. ತೊಂಬತ್ತು ಪರ್ಸೆಂಟ್ ಇಳಿದದ್ದು ಇನ್ನೂ ತೊಂಬತ್ತು ಪರ್ಸೆಂಟ್ ಇಳಿಯಬಹುದು: ನೂರು ಹತ್ತಾಗುತ್ತೆ, ಹತ್ತು ಒಂದಾಗುತ್ತೆ.

"ಹಾಗಾದರೆ ಸೊಲಾನಾ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2021ರ ನವೆಂಬರ್‌ನಲ್ಲಿ ಸುಮಾರು 260 ಡಾಲರ್ ಇದ್ದದ್ದು, ಎಫ್‌ಟಿಎಕ್ಸ್ ಮುಳುಗಿದ ಮೇಲೆ 2022ರ ಡಿಸೆಂಬರ್ ಕೊನೆಗೆ 10 ಡಾಲರ್ ಕೆಳಗೆ ಬಂತು, 2025ರ ಜನವರಿಯಲ್ಲಿ ಹಳೆಯ ಎತ್ತರವನ್ನೂ ದಾಟಿತು. ಆಗ ಕೊಂಡು ಕೂತವರು ಗೆದ್ದರು, ಇಲ್ಲ ಅನ್ನಲ್ಲ. ಆದರೆ ಬೀಳುವ ಹೊತ್ತಲ್ಲಿ ಇದು ಸೊಲಾನಾನೋ ಲೂನಾನೋ ಅಂತ ಚಾರ್ಟು ಹೇಳೋದಿಲ್ಲ. ಇಳಿಯುವ ಗೆರೆ ಎರಡರದ್ದೂ ಒಂದೇ ಥರ ಇರುತ್ತೆ. ಗೆದ್ದವನು ಮಾತಾಡುತ್ತಾನೆ, ಕಳಕೊಂಡವನು ಆ್ಯಪ್ ಡಿಲೀಟ್ ಮಾಡಿ ಸುಮ್ಮನಿರುತ್ತಾನೆ. ಹಾಸ್ಟೆಲ್‌ನಲ್ಲಿ ನಮ್ಮ ಕಿವಿಗೆ ಬೀಳೋದು ಮೊದಲನೆಯವನ ದನಿ ಮಾತ್ರ.

ತೆರಿಗೆ ಲೆಕ್ಕ ಇನ್ನೂ ಸರಳ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಎರಡು ಕಾಯಿನ್‌ಗೆ ಹತ್ತತ್ತು ಸಾವಿರ ಹಾಕಿದಿರಿ ಅನ್ನಿ. ಒಂದನ್ನು 16,000ಕ್ಕೆ, ಇನ್ನೊಂದನ್ನು 4,000ಕ್ಕೆ ಮಾರಿದಿರಿ. ಕೈಯಲ್ಲಿ ಅದೇ ಇಪ್ಪತ್ತು ಸಾವಿರ, ಗಳಿಸಿದ್ದು ಸೊನ್ನೆ. ಆದರೂ 6,000ದ ಮೇಲೆ 1,872 ರೂಪಾಯಿ ಕಟ್ಟಬೇಕು. ಇದರ ಜೊತೆ ಮಾರಿದ ಮೊತ್ತಕ್ಕೆ ಶೇ. 1 ಟಿಡಿಎಸ್. ದಿನಾ ಕೊಂಡು ಮಾರುವವನು ಐವತ್ತು ಸಲ ಮಾರಿದರೆ, ಬೆಲೆ ಒಂದು ಪೈಸೆ ಬದಲಾಗದಿದ್ದರೂ ನೂರು ರೂಪಾಯಿ ಅರವತ್ತಾಗಿರುತ್ತೆ. ಉಳಿದದ್ದು ರಿಟರ್ನ್ ಸಲ್ಲಿಸುವ ತನಕ ಸಿಕ್ಕಿಕೊಂಡಿರುತ್ತೆ. ಟೈಮಿಂಗ್ ಎಷ್ಟೇ ಚೆನ್ನಾಗಿರಲಿ, ಈ ತೂತು ಮುಚ್ಚೋಕೆ ಬರಲ್ಲ.

ಕೊಂಡದ್ದು ಕೈಯಲ್ಲಿರುತ್ತೆ ಅನ್ನೋದೂ ಖಾತ್ರಿಯಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಸರಿಯಾದ ಕಾಯಿನ್ ಆರಿಸಿ, ಸರಿಯಾದ ಹೊತ್ತಲ್ಲಿ ಕೊಂಡವರೂ ವರ್ಷಕ್ಕೂ ಮೇಲೆ ಅದನ್ನು ಮುಟ್ಟಲಾಗದೆ ಕೂತರು. ಗುರುತಿಲ್ಲದವರಿಗೆ ಪಿ2ಪಿಯಲ್ಲಿ ಯುಎಸ್‌ಡಿಟಿ ಮಾರಿದರೆ ಇನ್ನೊಂದು ಗಂಡಾಂತರ. ಅವರು ಹಾಕುವ ದುಡ್ಡು ಸೈಬರ್ ವಂಚನೆಯದಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆ ಫ್ರೀಜ್ ಆಗುತ್ತೆ. ಸ್ಕಾಲರ್‌ಶಿಪ್ ಬರುವ ಖಾತೆಯೂ ಅದೇ ಆಗಿದ್ದರೆ?

"ನಮ್ಮ ಹಿರಿಯರೇನು ಜೂಜಾಡಲಿಲ್ವಾ? ಎನ್.ಆರ್.ಪುರದ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕೋದು ಇನ್ನೇನು?" ಅಂತ ಕೆಲವರು ಕೇಳುತ್ತಾರೆ. ನಿಜ. 2023ರಲ್ಲಿ ಶುಂಠಿ ದರ ಆಕಾಶಕ್ಕೆ ಹೋಯಿತು, ಅದನ್ನು ನೋಡಿ ಹಾಕಿದವರಿಗೆ ಮರುವರ್ಷ ಕೆಳಗೆ ಬಿತ್ತು. ಆದರೆ ದರ ಬಿದ್ದರೂ ಶುಂಠಿಯನ್ನು ಅಡುಗೆಗೆ ಕೊಳ್ಳುವವರು ಇರುತ್ತಾರೆ. ಬಹುಪಾಲು ಆಲ್ಟ್‌ಕಾಯಿನ್‌ಗೆ ಮುಂದೆ ಕೊಳ್ಳುವ ಇನ್ನೊಬ್ಬ ಹುಡುಗ ಬಿಟ್ಟರೆ ಬೇರೆ ಗಿರಾಕಿ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಬ್ಲಾಕ್‌ಚೈನ್ ಕಲಿಯಿರಿ, ಅದರ ಕೋಡ್ ಓದಿ, ಆ ವಿದ್ಯೆಗೆ ಕೆಲಸವೂ ಉಂಟು. ಕಾಯಿನ್ ಕೊಳ್ಳಲೇಬೇಕಾದರೆ ಇಂಟರ್ನ್‌ಶಿಪ್‌ನ ಸ್ವಂತ ದುಡಿಮೆಯಲ್ಲಿ, ಪೂರ್ತಿ ಹೋದರೂ ಮನೆಗೆ ಫೋನ್ ಮಾಡಬೇಕಾಗದಷ್ಟು ಮಾತ್ರ. ಮನೆಯವರು ಅಡಿಕೆಯನ್ನು ಒಂದೇ ದಿನ ಮಂಡಿಗೆ ಸುರಿಯೋದಿಲ್ಲ. ಒಂದಿಷ್ಟು ಈಗ, ಒಂದಿಷ್ಟು ಶಿವರಾತ್ರಿ ಕಳೆದು, ಒಂದಿಷ್ಟು ಮಳೆಗಾಲಕ್ಕೆ ಅಂತ ಇಟ್ಟು ಮಾರುತ್ತಾರೆ. ದರ ಊಹಿಸೋಕೆ ತಮಗೆ ಬರಲ್ಲ ಅಂತ ಒಪ್ಪಿಕೊಂಡವರ ಬುದ್ಧಿ ಅದು. ಕೊಳ್ಳುವಾಗಲೂ ಅದೇ ಬುದ್ಧಿ ಇರಲಿ. ಸೆಮಿಸ್ಟರ್ ಫೀಸು, ಸೊಸೈಟಿಯ ಬೆಳೆಸಾಲ, ಮಂಡಿಯಿಂದ ತಂದ ಮುಂಗಡ, ಇವು ಮೂರನ್ನೂ ಮುಟ್ಟಬೇಡಿ. ಹಳದಿ ಎಲೆ ತಿಂದು ಉಳಿಸಿದ ತೋಟದ ದುಡ್ಡು ಅದು.